ಬಿಂದುವಿನಿಂದ ಭಂಗಿಗೆ: ಚಿತ್ರದಲ್ಲಿನ ಮಾನವ ದೇಹವನ್ನು ಗಣಕವು ಗುರುತಿಸುವ ಕ್ರಮ

೧. ಪ್ರಸ್ತಾವನೆ

ಛಾಯಾಚಿತ್ರವೊಂದರಲ್ಲಿ ನಿಂತಿರುವ, ಕುಳಿತಿರುವ ಅಥವಾ ಓಡುತ್ತಿರುವ ವ್ಯಕ್ತಿಯ ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು ಮೊದಲಾದ ಕೀಲುಗಳು ಚಿತ್ರದ ಯಾವ ಯಾವ ಸ್ಥಾನಗಳಲ್ಲಿವೆ ಎಂಬುದನ್ನು ಗಣಕದ ಮೂಲಕ ಗುರುತಿಸುವ ವಿಧಾನವನ್ನು ‘ಭಂಗಿಯ ಅಂದಾಜು’ ಎಂದು ಕರೆಯಬಹುದು. ಗಣಕ ದೃಷ್ಟಿ ಎಂಬ ಜ್ಞಾನಶಾಖೆಯ ಮುಖ್ಯ ಸಮಸ್ಯೆಗಳಲ್ಲಿ ಇದೂ ಒಂದು. ಕ್ರೀಡಾಪಟುಗಳ ತರಬೇತಿ, ವೈದ್ಯಕೀಯದಲ್ಲಿ ನಡಿಗೆಯ ಪರೀಕ್ಷೆ, ಚಲನಚಿತ್ರಗಳ ಅನಿಮೇಷನ್, ವ್ಯಾಯಾಮ ಕಲಿಸುವ ಮೊಬೈಲ್ ತಂತ್ರಾಂಶ ಹೀಗೆ ಹಲವೆಡೆ ಇದು ಬಳಕೆಯಲ್ಲಿದೆ. ಭರತನಾಟ್ಯದ ಅಡವುಗಳನ್ನು ಗಣಕದಿಂದ ಗುರುತಿಸುವ ಸಂಶೋಧನೆಗಳೂ ಭಾರತದಲ್ಲಿ ನಡೆದಿವೆ.

ಈ ವಿಷಯವು ಕನ್ನಡ ಅಧ್ಯಯನದ ವ್ಯಾಪ್ತಿಗೆ ಹೇಗೆ ಬರುತ್ತದೆ ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಎರಡು ಕಾರಣಗಳನ್ನು ಕೊಡಬಹುದು. ಮೊದಲನೆಯದು, ದೇಹದ ನಿಲುವನ್ನು ವಿವರಿಸುವ ಸೂಕ್ಷ್ಮವಾದ ಪರಿಭಾಷೆಯೊಂದು ನಾಟ್ಯ ಮತ್ತು ಶಿಲ್ಪಗಳ ಮೂಲಕ ನಮ್ಮಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ‘ಭಂಗಿ’ ಎಂಬ ಪದವೇ ಮುರಿ, ಬಾಗು ಎಂಬ ಅರ್ಥಗಳುಳ್ಳ ಸಂಸ್ಕೃತ ಧಾತುವಿನಿಂದ ಬಂದುದು. ಶಿಲ್ಪಶಾಸ್ತ್ರದ ಸಮಭಂಗ, ಆಭಂಗ, ತ್ರಿಭಂಗ, ಅತಿಭಂಗ ಎಂಬ ವಿಭಾಗವು ದೇಹವು ಮಧ್ಯಸೂತ್ರದಿಂದ ಎಲ್ಲೆಲ್ಲಿ, ಎಷ್ಟೆಷ್ಟು ಬಾಗಿದೆ ಎಂಬುದನ್ನು ಆಧರಿಸಿದೆ. ಎರಡನೆಯದು, ಯಕ್ಷಗಾನ, ಮೂಡಲಪಾಯ ಮೊದಲಾದ ರಂಗಕಲೆಗಳ ದೃಶ್ಯ ದಾಖಲೆಗಳನ್ನು ಈ ವಿಧಾನದಿಂದ ವಿಶ್ಲೇಷಿಸಲು ಮುಂದಾಗುವವರು, ಅದು ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಅಗತ್ಯ.

ಗಣಕವು ಗುರುತಿಸುವ ಬಿಂದುಗಳು ದೇಹದಲ್ಲಿ ಸಿದ್ಧವಾಗಿ ದೊರೆಯುವಂಥವಲ್ಲ, ಮನುಷ್ಯರು ಒಂದು ಒಪ್ಪಂದದಂತೆ ಗುರುತಿಸಿಕೊಟ್ಟಂಥವು; ಆ ಒಪ್ಪಂದದ ಮಿತಿಗಳೇ ಫಲಿತಾಂಶದ ಮಿತಿಗಳೂ ಆಗುತ್ತವೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ದೇಹವನ್ನು ಬಿಂದುಗಳಾಗಿ ಕಂಡ ಬಗೆ

ದೇಹದ ಚಲನೆಯನ್ನು ಕೀಲುಗಳ ಚಲನೆಯಾಗಿ ನೋಡುವ ಪ್ರಯತ್ನ ಗಣಕಕ್ಕಿಂತ ಹಳೆಯದು. ಫ್ರಾನ್ಸ್‌ನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮರೇ ೧೮೮೦ರ ದಶಕದಲ್ಲಿ ವ್ಯಕ್ತಿಗೆ ಪೂರ್ತಿ ಕಪ್ಪು ಉಡುಪು ತೊಡಿಸಿ, ಕೈಕಾಲುಗಳ ಉದ್ದಕ್ಕೆ ಬಿಳಿಯ ಪಟ್ಟಿಗಳನ್ನೂ ಕೀಲುಗಳ ಮೇಲೆ ಹೊಳೆಯುವ ಗುರುತುಗಳನ್ನೂ ಹಚ್ಚಿ, ಅವನ ನಡಿಗೆಯ ಅನೇಕ ಕ್ಷಣಗಳನ್ನು ಒಂದೇ ಫಲಕದ ಮೇಲೆ ಸೆರೆಹಿಡಿದನು. ಆ ಚಿತ್ರಗಳಲ್ಲಿ ಮುಖ, ಬಟ್ಟೆ, ಮಾಂಸಖಂಡಗಳು ಮರೆಯಾಗಿ, ಗೆರೆಗಳ ಮತ್ತು ಬಿಂದುಗಳ ಲಯಬದ್ಧ ಸಾಲು ಮಾತ್ರ ಕಾಣುತ್ತದೆ.

ಇದಕ್ಕೆ ಮನಶ್ಶಾಸ್ತ್ರೀಯ ಆಧಾರವನ್ನು ಒದಗಿಸಿದವನು ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್. ೧೯೭೩ರಲ್ಲಿ ಪ್ರಕಟವಾದ ಅವನ ಪ್ರಯೋಗದಲ್ಲಿ, ಮುಖ್ಯ ಕೀಲುಗಳಿಗೆ ಬೆಳಕಿನ ಬಿಂದುಗಳನ್ನು ಅಳವಡಿಸಿಕೊಂಡ ವ್ಯಕ್ತಿ ಕತ್ತಲಲ್ಲಿ ನಡೆಯುತ್ತಿದ್ದನು. ನೋಡುಗರಿಗೆ ಕಾಣುತ್ತಿದ್ದುದು ಹತ್ತು ಹನ್ನೆರಡು ಬಿಂದುಗಳು ಮಾತ್ರ. ಆದರೂ ಬಿಂದುಗಳು ಚಲಿಸತೊಡಗಿದ ಕೂಡಲೇ ಅವರು ಅದನ್ನು ನಡೆಯುತ್ತಿರುವ ಮನುಷ್ಯನೆಂದು ಗುರುತಿಸಿದರು. ಅವೇ ಬಿಂದುಗಳನ್ನು ನಿಶ್ಚಲವಾಗಿ ತೋರಿಸಿದಾಗ ಅವು ಅರ್ಥವಿಲ್ಲದ ಚುಕ್ಕೆಗಳ ಗುಂಪಾಗಿ ಮಾತ್ರ ಕಂಡವು. ದೇಹವನ್ನು ಅರಿಯಲು ಕೆಲವೇ ಬಿಂದುಗಳು ಸಾಕು ಎಂಬುದು ಈ ಪ್ರಯೋಗದಿಂದ ತಿಳಿದುಬಂದ ಒಂದು ಸಂಗತಿ. ಆ ಬಿಂದುಗಳಿಗೆ ಅರ್ಥ ಬರುವುದು ಅವುಗಳ ಪರಸ್ಪರ ಸಂಬಂಧದಿಂದ ಎಂಬುದು ಇನ್ನೊಂದು. ಭಂಗಿಯ ಅಂದಾಜಿನ ಮುಂದಿನ ಬೆಳವಣಿಗೆಯನ್ನು ಈ ಎರಡನೆಯ ಸಂಗತಿಯ ಹಿನ್ನೆಲೆಯಲ್ಲಿ ನೋಡುವುದು ಉಚಿತ.

೩. ಸ್ಪ್ರಿಂಗಿನ ಮಾದರಿಯಿಂದ ನರಜಾಲದವರೆಗೆ

ಅದೇ ೧೯೭೩ರಲ್ಲಿ ಮಾರ್ಟಿನ್ ಫಿಶ್ಲರ್ ಮತ್ತು ರಾಬರ್ಟ್ ಎಲ್ಶ್ಲಾಗರ್ ಎಂಬ ಅಮೆರಿಕದ ಸಂಶೋಧಕರು, ಚಿತ್ರದಲ್ಲಿನ ಒಂದು ವಸ್ತುವನ್ನು ಸ್ಪ್ರಿಂಗುಗಳಿಂದ ಜೋಡಿಸಿದ ಬಿಡಿಭಾಗಗಳ ಸಮೂಹವೆಂದು ಭಾವಿಸುವ ಮಾದರಿಯನ್ನು ಮುಂದಿಟ್ಟರು. ಪ್ರತಿಯೊಂದು ಭಾಗವೂ ಚಿತ್ರದಲ್ಲಿ ತನಗೆ ಹೋಲುವ ಸ್ಥಾನಕ್ಕೆ ಹೋಗಲು ಎಳೆಯುತ್ತದೆ. ಸ್ಪ್ರಿಂಗು ಅದನ್ನು ನೆರೆಯ ಭಾಗದಿಂದ ಬಹಳ ದೂರ ಹೋಗದಂತೆ ತಡೆಯುತ್ತದೆ. ಈ ಎರಡು ಸೆಳೆತಗಳ ನಡುವೆ ಅತ್ಯಂತ ಕಡಿಮೆ ಬಿಗಿತ ಉಳಿಯುವ ಜೋಡಣೆಯೇ ಉತ್ತರ. ೨೦೦೫ರಲ್ಲಿ ಪೆಡ್ರೊ ಫೆಲ್ಜೆನ್ಸ್‌ವಾಲ್ಬ್ ಮತ್ತು ಡೇನಿಯಲ್ ಹಟನ್‌ಲೋಕರ್ ಇದನ್ನು ಮರದ ರಚನೆಗೆ ಒಗ್ಗಿಸಿದರು. ಮುಂಡವೇ ಬುಡ, ತಲೆ, ತೋಳು, ತೊಡೆಗಳು ಅದರ ಕೊಂಬೆಗಳು, ಮುಂಗೈ, ಮೊಣಕಾಲಿನ ಕೆಳಭಾಗಗಳು ಕೊಂಬೆಯ ಕೊಂಬೆಗಳು. ಇದರಿಂದ ಲೆಕ್ಕಾಚಾರವು ಸುಲಭವಾಯಿತು.

ಆದರೆ ಮರದ ರಚನೆಯಲ್ಲಿ ಒಂದು ದೋಷವಿತ್ತು. ಎಡಗಾಲೂ ಬಲಗಾಲೂ ಬುಡಕ್ಕೆ ಸಂಬಂಧಿಸಿದ್ದವೇ ಹೊರತು ಅವೆರಡರ ನಡುವೆ ನೇರ ಸಂಬಂಧವಿರಲಿಲ್ಲ. ಹೀಗಾಗಿ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಒಂದೇ ಕಾಲನ್ನು ಗಣಕವು ಎಡಗಾಲು ಎಂದೂ ಬಲಗಾಲು ಎಂದೂ ಎರಡು ಬಾರಿ ಎಣಿಸುತ್ತಿತ್ತು. ಸಂಬಂಧವನ್ನು ಎಷ್ಟರಮಟ್ಟಿಗೆ ಸೇರಿಸಿದರೋ ಅಷ್ಟರಮಟ್ಟಿಗೆ ಮಾತ್ರ ದೇಹವು ದಕ್ಕಿತು ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

೨೦೧೪ರಲ್ಲಿ ಗೂಗಲ್ ಸಂಸ್ಥೆಯ ಅಲೆಕ್ಸಾಂಡರ್ ತೋಶೆವ್ ಮತ್ತು ಕ್ರಿಶ್ಚಿಯನ್ ಸೆಗೆಡಿ ರೂಪಿಸಿದ ಡೀಪ್‌ಪೋಸ್ ವಿಧಾನವು ದಿಕ್ಕನ್ನು ಬದಲಿಸಿತು. ಇಲ್ಲಿ ದೇಹದ ರಚನೆಯನ್ನು ಸಂಶೋಧಕರು ಬರೆದುಕೊಡುವುದಿಲ್ಲ. ಗುರುತು ಹಾಕಿದ ಸಾವಿರಾರು ಚಿತ್ರಗಳನ್ನು ನೋಡಿ ಕೃತಕ ನರಜಾಲವೇ ಅದನ್ನು ಕಲಿಯುತ್ತದೆ. ಮೊದಲು ಇಡೀ ಚಿತ್ರವನ್ನು ನೋಡಿ ಕೀಲುಗಳ ಸ್ಥಾನವನ್ನು ಸ್ಥೂಲವಾಗಿ ಊಹಿಸಿ, ಅನಂತರ ಒಂದೊಂದು ಕೀಲಿನ ಸುತ್ತಲಿನ ಭಾಗವನ್ನು ಹತ್ತಿರದಿಂದ ನೋಡಿ ತಿದ್ದಿಕೊಳ್ಳುವುದು ಇದರ ಕ್ರಮ. ಬಹುಬೇಗ ಇದರಲ್ಲಿ ಇನ್ನೊಂದು ಬದಲಾವಣೆ ಬಂತು. ಕೀಲು ಇಂಥ ಸ್ಥಾನದಲ್ಲೇ ಇದೆ ಎಂದು ನೇರವಾಗಿ ಹೇಳುವುದಕ್ಕೆ ಬದಲಾಗಿ, ಚಿತ್ರದ ಒಂದೊಂದು ಸ್ಥಳದಲ್ಲಿ ಅದು ಇರುವ ಸಂಭವ ಎಷ್ಟು ಎಂಬುದನ್ನು ನಕ್ಷೆಯಾಗಿ ಕೊಡುವ ಪದ್ಧತಿ ರೂಢಿಗೆ ಬಂತು. ಈ ವಿಧಾನವನ್ನು ‘ಅಂದಾಜು’ ಎಂದು ಕರೆಯುವುದು ಈ ಕಾರಣದಿಂದ ಹೆಚ್ಚು ಸರಿಯಾಗಿದೆ.

ಚಿತ್ರದಲ್ಲಿ ಹಲವರು ಇದ್ದಾಗ ಯಾವ ಮೊಣಕೈ ಯಾರದು ಎಂಬ ತೊಡಕು ಹುಟ್ಟುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಮೊದಲು ಒಬ್ಬೊಬ್ಬ ವ್ಯಕ್ತಿಯನ್ನೂ ಚೌಕಟ್ಟಿನಲ್ಲಿ ಬೇರ್ಪಡಿಸಿ ಅನಂತರ ಕೀಲುಗಳನ್ನು ಹುಡುಕುವುದು ಒಂದು. ಎಲ್ಲ ಕೀಲುಗಳನ್ನೂ ಒಟ್ಟಿಗೆ ಗುರುತಿಸಿ ಅನಂತರ ವ್ಯಕ್ತಿಗಳಾಗಿ ಜೋಡಿಸುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಹೆಸರಾದುದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಓಪನ್‌ಪೋಸ್. ಅದರ ಹಿಂದಿನ ವಿಧಾನವನ್ನು ೨೦೧೭ರ ಸಮ್ಮೇಳನವೊಂದರಲ್ಲಿ ಮಂಡಿಸಲಾಯಿತು. ಇದು ಕೀಲುಗಳ ಜೊತೆಗೆ, ಎರಡು ಕೀಲುಗಳ ನಡುವಣ ಅಂಗವು ಯಾವ ದಿಕ್ಕಿಗೆ ಹರಿದಿದೆ ಎಂಬುದನ್ನೂ ಚಿತ್ರದ ಪ್ರತಿಯೊಂದು ಸ್ಥಳದಲ್ಲಿ ಅಂದಾಜು ಮಾಡುತ್ತದೆ. ಭುಜದಿಂದ ಮೊಣಕೈಗೆ ಹೋಗುವ ದಿಕ್ಕು ಹೊಂದಿಕೆಯಾದರೆ ಆ ಎರಡು ಬಿಂದುಗಳು ಒಬ್ಬನವೇ ಎಂದು ನಿರ್ಣಯವಾಗುತ್ತದೆ. ಸ್ಪ್ರಿಂಗಿನ ಕೆಲಸವನ್ನು ಇಲ್ಲಿ ದಿಕ್ಕು ಮಾಡುತ್ತದೆ. ಮಾದರಿಗಳು ಬದಲಾದರೂ ಯೋಹಾನ್ಸನ್ನನ ಪ್ರಯೋಗ ತೋರಿಸಿದ ಸಂಬಂಧದ ತತ್ತ್ವವು ಬೇರೆ ಬೇರೆ ರೂಪಗಳಲ್ಲಿ ಮುಂದುವರಿದಿರುವುದನ್ನು ಕಾಣಬಹುದು.

೪. ಗುರುತು ಹಾಕುವವರು ಮತ್ತು ಪದಗಳು

ನರಜಾಲವು ಕಲಿಯುವುದು ಗುರುತು ಹಾಕಿದ ಚಿತ್ರಗಳಿಂದ ಎಂದಮೇಲೆ, ಆ ಗುರುತುಗಳನ್ನು ಹಾಕಿದವರು ಯಾರು, ಹೇಗೆ ಹಾಕಿದರು ಎಂಬುದು ಮುಖ್ಯವಾಗುತ್ತದೆ. ಈ ಕ್ಷೇತ್ರದಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವ ದತ್ತ ಸಂಗ್ರಹಗಳಲ್ಲಿ ಕೋಕೋ ಎಂಬುದು ಒಂದು. ಇದರಲ್ಲಿ ಸುಮಾರು ಎರಡೂವರೆ ಲಕ್ಷ ವ್ಯಕ್ತಿಗಳ ಚಿತ್ರಗಳಿಗೆ ಕೀಲುಬಿಂದುಗಳನ್ನು ಗುರುತಿಸಲಾಗಿದೆ. ಒಬ್ಬ ವ್ಯಕ್ತಿಗೆ ೧೭ ಬಿಂದುಗಳು: ಮೂಗು, ಎರಡು ಕಣ್ಣು, ಎರಡು ಕಿವಿ, ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಸೊಂಟದ ಎರಡು ಕೀಲು, ಎರಡು ಮೊಣಕಾಲು, ಪಾದದ ಮೇಲಿನ ಎರಡು ಹರಡು. ಒಂದೊಂದು ಬಿಂದುವಿಗೂ ೦, ೧, ೨ ಎಂಬ ಮೂರು ಸಂಕೇತಗಳಲ್ಲಿ ಒಂದನ್ನು ಕೊಡಲಾಗುತ್ತದೆ. ಗುರುತಿಸದ ಬಿಂದುವಿಗೆ ೦, ಮರೆಯಾಗಿದ್ದರೂ ಊಹಿಸಿ ಗುರುತಿಸಿದ ಬಿಂದುವಿಗೆ ೧, ಕಣ್ಣಿಗೆ ಕಾಣುವ ಬಿಂದುವಿಗೆ ೨.

ಒಂದೇ ಚಿತ್ರಕ್ಕೆ ಬೇರೆ ಬೇರೆ ವ್ಯಕ್ತಿಗಳು ಗುರುತು ಹಾಕಿದಾಗ ಅವರ ಗುರುತುಗಳು ಒಂದೇ ಕಡೆ ಬೀಳುವುದಿಲ್ಲ. ಈ ವ್ಯತ್ಯಾಸವನ್ನು ಸಂಗ್ರಹದ ನಿರ್ಮಾಪಕರು ಸುಮಾರು ೫೦೦೦ ಚಿತ್ರಗಳ ಮೇಲೆ ಅಳೆದು, ಒಂದೊಂದು ಕೀಲಿಗೂ ಒಂದೊಂದು ಸಂಖ್ಯೆಯನ್ನು ನಿಗದಿಪಡಿಸಿದ್ದಾರೆ. ದೇಹದ ಗಾತ್ರಕ್ಕೆ ಹೋಲಿಸಿ ಪಡೆದ ಈ ಸಂಖ್ಯೆಯು ಕಣ್ಣಿಗೆ ೦.೦೨೫, ಮಣಿಕಟ್ಟಿಗೆ ೦.೦೬೨, ಭುಜಕ್ಕೆ ೦.೦೭೯, ಸೊಂಟದ ಕೀಲಿಗೆ ೦.೧೦೭. ಕಣ್ಣಿನ ವಿಷಯದಲ್ಲಿ ಇರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚಿನ ಭಿನ್ನಾಭಿಪ್ರಾಯ ಸೊಂಟದ ವಿಷಯದಲ್ಲಿದೆ ಎಂದಾಯಿತು. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಕಣ್ಣು ಕಾಣುತ್ತದೆ, ಸೊಂಟದ ಕೀಲು ಮಾಂಸದ ಒಳಗೆ, ಬಟ್ಟೆಯ ಮರೆಯಲ್ಲಿದೆ. ಗಣಕದ ಉತ್ತರವನ್ನು ಪರೀಕ್ಷಿಸುವಾಗಲೂ ಈ ಸಂಖ್ಯೆಗಳನ್ನೇ ಬಳಸಿ, ಕಣ್ಣಿನ ತಪ್ಪಿಗೆ ಕಡಿಮೆ ವಿನಾಯಿತಿ, ಸೊಂಟದ ತಪ್ಪಿಗೆ ಹೆಚ್ಚು ವಿನಾಯಿತಿ ಕೊಡಲಾಗುತ್ತದೆ. ಮನುಷ್ಯರ ಅನಿಶ್ಚಯವೇ ಯಂತ್ರದ ಪರೀಕ್ಷೆಯ ಮಾನದಂಡವಾಗಿದೆ.

ಇಲ್ಲಿ ಭಾಷೆಯ ಪ್ರಶ್ನೆಯೂ ಎದುರಾಗುತ್ತದೆ. ಇಂಥ ಸಂಗ್ರಹವೊಂದನ್ನು ಕನ್ನಡಿಗರ ನೆರವಿನಿಂದ ಸಿದ್ಧಪಡಿಸುವಾಗ ‘ಸೊಂಟವನ್ನು ಗುರುತಿಸಿ’ ಎಂದು ಸೂಚನೆ ಕೊಟ್ಟರೆ ಏನಾಗಬಹುದು? ಕನ್ನಡದ ಆಡುಬಳಕೆಯಲ್ಲಿ ಸೊಂಟವೆಂದರೆ ಉಡಿದಾರ, ಡಾಬು ಕಟ್ಟುವ ಜಾಗ. ಗಣಕಕ್ಕೆ ಬೇಕಾದ ಬಿಂದುವು ಅದಕ್ಕಿಂತ ಕೆಳಗೆ, ತೊಡೆಯ ಮೂಳೆ ಕೂಡುವ ಕೀಲಿನಲ್ಲಿದೆ. ಸೂಚನೆಯ ಪದವನ್ನು ಅನುಸರಿಸಿ ಗುರುತುಗಳು ಒಟ್ಟಾಗಿ ಮೇಲಕ್ಕೆ ಸರಿದರೆ, ಅವುಗಳಿಂದ ಕಲಿತ ಯಂತ್ರಕ್ಕೆ ಎಲ್ಲರ ತೊಡೆಯೂ ಉದ್ದ, ಮುಂಡವು ಗಿಡ್ಡ ಎಂದಾಗುತ್ತದೆ. ‘ಕೈ’ ಎಂಬ ಪದದಲ್ಲೂ ಇದೇ ತೊಡಕಿದೆ. ಕೈ ಚಾಚಿದ ಎನ್ನುವಾಗ ಇಡೀ ತೋಳು, ಕೈ ತೊಳೆದ ಎನ್ನುವಾಗ ಅಂಗೈಯಷ್ಟೇ ನಮ್ಮ ಮನಸ್ಸಿನಲ್ಲಿರುತ್ತದೆ. ‘ಕಾಲು’ ಕೂಡ ಹಾಗೆಯೇ. ಹೊರೆ ಹೊರುವ ‘ಹೆಗಲು’ ಕತ್ತಿನ ಪಕ್ಕದ ಮೇಲ್ಭಾಗವನ್ನು ನೆನಪಿಸುತ್ತದೆ. ತೋಳು ಕೂಡುವ ಕೀಲು ಅದಕ್ಕಿಂತ ಹೊರಗಿದೆ. ಆದ್ದರಿಂದ ಪದಗಳ ಅರ್ಥವ್ಯಾಪ್ತಿಯನ್ನು ಮೊದಲೇ ಖಚಿತಗೊಳಿಸಿಕೊಳ್ಳುವುದು ಕೇವಲ ಪರಿಭಾಷೆಯ ಕೆಲಸವಲ್ಲ. ಅದು ದತ್ತದ ನಿಖರತೆಯ ಮೇಲೆ ನೇರವಾಗಿ ಪರಿಣಾಮ ಬೀರುವ ಕೆಲಸ.

೫. ಅಳತೆಗೋಲಿನ ವಿಚಾರ

ಗಣಕವು ಗುರುತಿಸಿದ ಬಿಂದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಬಳಸುವ ಇನ್ನೊಂದು ಮಾನದಂಡ ೨೦೧೪ರಲ್ಲಿ ಪ್ರಕಟವಾದ ಎಂಪಿಐಐ ಎಂಬ ಸಂಗ್ರಹಕ್ಕೆ ಸಂಬಂಧಿಸಿದ್ದು. ಸುಮಾರು ೨೫,೦೦೦ ಚಿತ್ರಗಳೂ ೪೦,೦೦೦ಕ್ಕೂ ಹೆಚ್ಚು ವ್ಯಕ್ತಿಗಳೂ ಇರುವ ಈ ಸಂಗ್ರಹದಲ್ಲಿ ತಲೆಯ ಗಾತ್ರದಿಂದ ಪಡೆದ ಉದ್ದವೇ ಅಳತೆಗೋಲು. ಗಣಕದ ಬಿಂದುವು ನಿಜವಾದ ಬಿಂದುವಿನಿಂದ ಆ ಉದ್ದದ ಅರ್ಧದಷ್ಟು ಅಂತರದೊಳಗೆ ಬಿದ್ದರೆ ಅದನ್ನು ಸರಿಯೆಂದು ಎಣಿಸಲಾಗುತ್ತದೆ. ಕ್ಯಾಮೆರಾಕ್ಕೆ ಹತ್ತಿರವಿದ್ದವನ ದೇಹ ದೊಡ್ಡದಾಗಿಯೂ ದೂರವಿದ್ದವನದು ಚಿಕ್ಕದಾಗಿಯೂ ಕಾಣುವುದರಿಂದ, ದೇಹದಿಂದಲೇ ತೆಗೆದ ಅಳತೆಯೊಂದು ಬೇಕಾಗುತ್ತದೆ.

ನಮ್ಮ ಪ್ರತಿಮಾಶಾಸ್ತ್ರದ ತಾಲಮಾನವೂ ಇಂಥದೇ ಅಗತ್ಯದಿಂದ ಹುಟ್ಟಿದ್ದು. ಮುಖದ ಉದ್ದವೇ ಒಂದು ತಾಲ; ಅದು ಹನ್ನೆರಡು ಅಂಗುಲ. ನವತಾಲದ ಪ್ರತಿಮೆಯ ಎತ್ತರವನ್ನು ಒಂಬತ್ತು ಮುಖಗಳ ಉದ್ದವಾಗಿ ಎಣಿಸಲಾಗುತ್ತದೆ. ಗೇಣುದ್ದದ ಲೋಹದ ವಿಗ್ರಹಕ್ಕೂ ಆಳೆತ್ತರದ ಶಿಲ್ಪಕ್ಕೂ ಒಂದೇ ಪ್ರಮಾಣವನ್ನು ಅನ್ವಯಿಸಲು ಇದರಿಂದ ಸಾಧ್ಯವಾಯಿತು. ಆದರೆ ಈ ಎರಡರ ಉದ್ದೇಶಗಳು ಬೇರೆ ಎಂಬುದನ್ನು ಮರೆಯುವಂತಿಲ್ಲ. ತಾಲಮಾನವು ದೇಹ ಹೇಗಿರಬೇಕು ಎಂಬುದನ್ನು ವಿಧಿಸುತ್ತದೆ. ಗಣಕದ ಮಾನದಂಡವು ತಪ್ಪು ಎಷ್ಟಿದ್ದರೆ ಕ್ಷಮ್ಯ ಎಂಬುದನ್ನು ಹೇಳುತ್ತದೆ.

ಈ ಕ್ಷಮ್ಯತೆಯ ಪ್ರಮಾಣವನ್ನು ಕಲೆಯ ಸಂದರ್ಭದಲ್ಲಿ ವಿಚಾರಮಾಡಬೇಕು. ಅಳತೆಗೋಲಾದ ತಲೆಯ ಉದ್ದವನ್ನು ಸುಮಾರು ೨೨ ಸೆಂ.ಮೀ. ಎಂದು ಇಟ್ಟುಕೊಂಡರೆ, ೧೧ ಸೆಂ.ಮೀ. ತಪ್ಪಿದ ಮಣಿಕಟ್ಟೂ ‘ಸರಿ’ ಎಂದಾಗುತ್ತದೆ. ರಸ್ತೆ ದಾಟುವವನನ್ನು ಗುರುತಿಸಲು ಇದು ಸಾಕು. ಎದೆಯ ಮಟ್ಟದಲ್ಲಿ ಹಿಡಿದ ಹಸ್ತಕ್ಕೂ ಗಲ್ಲದ ಬಳಿಗೆ ತಂದ ಹಸ್ತಕ್ಕೂ ಅರ್ಥವ್ಯತ್ಯಾಸವಿರುವ ನೃತ್ಯಕ್ಕೆ ಇದು ಸಾಲದು. ಇಂಥ ಮಾನದಂಡದಿಂದ ನೂರಕ್ಕೆ ತೊಂಬತ್ತು ಸರಿ ಎಂಬ ಫಲಿತಾಂಶ ಬಂದಿದ್ದರೂ ಅದನ್ನು ಆಧರಿಸಿ ವಿದ್ಯಾರ್ಥಿಯ ಅಡವನ್ನು ತಿದ್ದುವ ತಂತ್ರಾಂಶವನ್ನು ಒಪ್ಪುವ ಮೊದಲು, ಆ ‘ಸರಿ’ಯ ಅಂತರ ಎಷ್ಟು ಎಂದು ಕೇಳುವುದು ನ್ಯಾಯ.

೬. ಪಟ್ಟಿಗೆ ಒಳಪಡದ ದೇಹಗಳು

ಹದಿನೇಳು ಬಿಂದುಗಳ ಪಟ್ಟಿಯ ಮಿತಿಯನ್ನು ನಾಲ್ಕು ಉದಾಹರಣೆಗಳಿಂದ ನೋಡಬಹುದು.

ಮೊದಲನೆಯದು, ಬಾದಾಮಿಯ ಒಂದನೆಯ ಗುಹೆಯ ನಟರಾಜ. ಆರನೆಯ ಶತಮಾನದ ಈ ಶಿಲ್ಪದಲ್ಲಿ ಶಿವನಿಗೆ ಹದಿನೆಂಟು ಕೈಗಳಿವೆ. ಗಣಕದ ಪಟ್ಟಿಯಲ್ಲಿರುವುದು ಎರಡೇ ಮಣಿಕಟ್ಟು. ಯಾವ ಎರಡನ್ನು ಆಯ್ದರೂ ಉಳಿದ ಹದಿನಾರಕ್ಕೆ ಅಲ್ಲಿ ಸ್ಥಾನವಿಲ್ಲ. ನೃತ್ಯದ ಅನೇಕ ಹಸ್ತಗಳನ್ನು ಒಂದೇ ದೇಹದಲ್ಲಿ ಏಕಕಾಲಕ್ಕೆ ತೋರಿಸಿದ ಶಿಲ್ಪಿಯ ಕಲ್ಪನೆಯನ್ನು ‘ಮನುಷ್ಯ’ ಎಂಬ ಸಿದ್ಧ ಅಚ್ಚು ಒಳಗೊಳ್ಳಲಾರದು. ಶಿಲ್ಪಗಳ ಅಧ್ಯಯನಕ್ಕೆ ಬೇರೆಯೇ ಬಿಂದುಪಟ್ಟಿ ಬೇಕು.

ಎರಡನೆಯದು, ಹಸ್ತಗಳು. ನಾಟ್ಯಶಾಸ್ತ್ರವು ೨೪ ಅಸಂಯುತ ಮತ್ತು ೧೩ ಸಂಯುತ ಹಸ್ತಗಳನ್ನು ಹೇಳುತ್ತದೆ. ಮಣಿಕಟ್ಟಿನಲ್ಲಿ ನಿಂತುಬಿಡುವ ಪಟ್ಟಿಗೆ ಇವೆಲ್ಲವೂ ಒಂದೇ. ಅಷ್ಟೇ ಅಲ್ಲ, ಚಾಚಿದ ಕೈಯ ಅಂಗೈಯನ್ನು ಮೇಲಕ್ಕೆ ಮಾಡಿದರೂ ಕೆಳಕ್ಕೆ ಮಾಡಿದರೂ ಮೊಣಕೈ ಮತ್ತು ಮಣಿಕಟ್ಟಿನ ಬಿಂದುಗಳು ಇದ್ದಲ್ಲೇ ಇರುತ್ತವೆ. ಅಂಗವು ತನ್ನ ಉದ್ದದ ಸುತ್ತ ತಿರುಗುವುದನ್ನು ಕೀಲುಬಿಂದುಗಳು ಹೇಳಲಾರವು. ಅರೆಮಂಡಿಯಲ್ಲಿ ತೊಡೆಯು ಬುಡದಿಂದಲೇ ಹೊರಕ್ಕೆ ತಿರುಗಿದೆಯೋ ಅಥವಾ ಪಾದಗಳನ್ನಷ್ಟೇ ತಿರುಗಿಸಲಾಗಿದೆಯೋ ಎಂಬುದು ಗುರುವಿನ ಕಣ್ಣಿಗೆ ಮುಖ್ಯ. ಈ ಪಟ್ಟಿಯಲ್ಲಿ ಪಾದದ ತುದಿಗೂ ಬಿಂದುವಿಲ್ಲ. ಅನಂತರ ಒಂದೊಂದು ಹಸ್ತಕ್ಕೆ ೨೧ ಬಿಂದುಗಳನ್ನು ಗುರುತಿಸುವ ವಿಧಾನಗಳೂ, ೨೦೨೦ರಲ್ಲಿ ಮುಖ, ಹಸ್ತ, ಪಾದಗಳನ್ನು ಸೇರಿಸಿ ೧೩೩ ಬಿಂದುಗಳನ್ನು ಗುರುತಿಸಿದ ಸಂಗ್ರಹವೂ ಬಂದಿವೆ. ಹೀಗಾಗಿ ಈ ಕೊರತೆ ಕೆಲಮಟ್ಟಿಗೆ ನೀಗಿದೆ. ಯಾವ ಪಟ್ಟಿಯನ್ನು ಬಳಸಲಾಗಿದೆ ಎಂಬುದನ್ನು ಸಂಶೋಧಕರು ಸ್ಪಷ್ಟಪಡಿಸಬೇಕು.

ಮೂರನೆಯದು, ಎಡಬಲಗಳ ವಿಚಾರ. ಕಲಿಕೆಯ ಚಿತ್ರಗಳ ಸಂಖ್ಯೆಯನ್ನು ಹೆಚ್ಚಿಸಲು ಒಂದೊಂದು ಚಿತ್ರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಎಡ ಬಲಗಳ ಹೆಸರನ್ನು ಅದಲುಬದಲು ಮಾಡಿ ಮತ್ತೊಮ್ಮೆ ಬಳಸುವುದು ರೂಢಿ. ನಡಿಗೆ, ಓಟಗಳಿಗೆ ಇದರಿಂದ ಬಾಧಕವಿಲ್ಲ. ಆದರೆ ನಾಟ್ಯಶಾಸ್ತ್ರದ ಆಲೀಢ ಎಂಬ ಸ್ಥಾನದಲ್ಲಿ ಎಡಬಲಗಳು ವ್ಯತ್ಯಾಸವಾದರೆ ಅದು ಪ್ರತ್ಯಾಲೀಢವಾಗುತ್ತದೆ. ಸ್ಥಾನಗಳ ಹೆಸರನ್ನೂ ಗಣಕಕ್ಕೆ ಕಲಿಸುವಾಗ, ಬಿಂದುಗಳ ಎಡಬಲವನ್ನಷ್ಟೇ ಬದಲಿಸಿ ಹೆಸರನ್ನು ಹಾಗೆಯೇ ಬಿಟ್ಟರೆ ತಪ್ಪು ಪಾಠವನ್ನೇ ಹೇಳಿಕೊಟ್ಟಂತಾಗುತ್ತದೆ.

ನಾಲ್ಕನೆಯದು, ಯಕ್ಷಗಾನದ ವೇಷ. ಭುಜಕೀರ್ತಿಯು ಭುಜದ ಕೀಲನ್ನು ಮರೆಮಾಡುತ್ತದೆ. ದಗಲೆ, ಎದೆಯ ಆಭರಣಗಳು ಮತ್ತು ಕಸೆ ಸೀರೆಯ ನೆರಿಗೆಗಳು ಮುಂಡ, ಸೊಂಟಗಳ ಆಕಾರವನ್ನೇ ಬದಲಿಸುತ್ತವೆ. ಕಿರೀಟ, ಮುಂಡಾಸುಗಳಿಂದ ತಲೆಯ ಗಾತ್ರ ಹಿಗ್ಗುತ್ತದೆ. ಹಿಂದೆ ಹೇಳಿದ ೦, ೧, ೨ರ ಸಂಕೇತಗಳಲ್ಲಿ ಇಂಥ ವೇಷಧಾರಿಯ ಭುಜ, ಸೊಂಟಗಳೆಲ್ಲ ಬಹುಮಟ್ಟಿಗೆ ೧ರ ವರ್ಗಕ್ಕೆ, ಅಂದರೆ ಊಹೆಯ ವರ್ಗಕ್ಕೆ ಸೇರುತ್ತವೆ. ತಲೆಯೇ ಅಳತೆಗೋಲಾದ ಪಕ್ಷದಲ್ಲಿ ಮುಂಡಾಸನ್ನೂ ತಲೆಯೆಂದು ಎಣಿಸಿದರೆ ಕ್ಷಮ್ಯ ತಪ್ಪಿನ ವ್ಯಾಪ್ತಿಯೂ ಹಿಗ್ಗುತ್ತದೆ. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ. ಯಕ್ಷಗಾನದಲ್ಲಿ ವೇಷವು ದೇಹಕ್ಕೆ ಹೊದಿಸಿದ ಹೊರಗಿನ ವಸ್ತುವಲ್ಲ. ಪಾತ್ರದ ನಿಲುವು ವೇಷದ ಅಂಚುಗಳಿಂದಲೇ ರೂಪುಗೊಳ್ಳುತ್ತದೆ. ಒಳಗಿನ ಕೀಲನ್ನು ಸರಿಯಾಗಿ ಊಹಿಸಿದ ಮಾತ್ರಕ್ಕೆ ಆ ನಿಲುವು ದಾಖಲಾಯಿತೆಂದು ಹೇಳಲಾಗದು.

ಇವುಗಳ ಜೊತೆಗೆ ಕಾಲದ ಪ್ರಶ್ನೆಯೂ ಇದೆ. ನಾಟ್ಯಶಾಸ್ತ್ರದ ೧೦೮ ಕರಣಗಳನ್ನು ಭಂಗಿಗಳೆಂದು ಕರೆಯುವ ರೂಢಿಯಿದ್ದರೂ, ಕರಣವೆಂದರೆ ಕೈಕಾಲುಗಳ ಚಲನೆಯ ಹೊಂದಾಣಿಕೆ. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ಕೆತ್ತಲಾಗಿರುವ ೮೧ ಕರಣಗಳಲ್ಲಿ ಒಂದೊಂದೂ ಒಂದು ಚಲನೆಯ ಒಂದು ಕ್ಷಣ ಮಾತ್ರ. ಬಿಡಿ ಚಿತ್ರಗಳಿಂದ ಭಂಗಿಯನ್ನು ಅಂದಾಜು ಮಾಡುವ ಗಣಕವೂ ಇಂಥ ಕ್ಷಣಗಳನ್ನೇ ಕೊಡುತ್ತದೆ. ಯೋಹಾನ್ಸನ್ನನ ನೋಡುಗರಿಗೆ ನಿಶ್ಚಲ ಬಿಂದುಗಳು ಅರ್ಥವಾಗದೆ ಹೋದುದನ್ನು ಇಲ್ಲಿ ನೆನೆಯಬಹುದು.

೭. ಸಮಾರೋಪ

ಮೇಲಿನ ವಿವೇಚನೆಯು ಭಂಗಿಯ ಅಂದಾಜನ್ನು ನಿರಾಕರಿಸುವ ಉದ್ದೇಶದ್ದಲ್ಲ. ಗಂಟೆಗಟ್ಟಲೆ ದೃಶ್ಯ ದಾಖಲೆಯಲ್ಲಿ ಒಂದು ಹೆಜ್ಜೆ ಎಲ್ಲೆಲ್ಲಿ ಮರಳಿ ಬಂದಿದೆ ಎಂದು ಹುಡುಕಲು, ಎರಡು ತಿಟ್ಟುಗಳ ಕುಣಿತದ ವೇಗವನ್ನು ಹೋಲಿಸಲು ಇದು ಉಪಯುಕ್ತ ಸಾಧನವಾಗಬಲ್ಲದು. ಆದರೆ ಹಿರಿಯ ಕಲಾವಿದರ ಕುಣಿತವನ್ನು ಬಿಂದುಗಳ ಪಟ್ಟಿಯಾಗಿ ಮಾತ್ರ ಉಳಿಸಿ ಮೂಲ ದೃಶ್ಯವನ್ನು ಕಡೆಗಣಿಸಿದರೆ, ಪಟ್ಟಿಯಲ್ಲಿಲ್ಲದ ಅಂಶವನ್ನು ಮತ್ತೆ ಪಡೆಯುವ ದಾರಿಯೇ ಇರುವುದಿಲ್ಲ. ಆದುದರಿಂದ ಇಂಥ ಕೆಲಸಗಳಲ್ಲಿ ಮೂರು ಕ್ರಮಗಳನ್ನು ಅನುಸರಿಸುವುದು ಒಳಿತು.

ಒಂದು, ಕೀಲುಗಳಿಗೆ ಸಂಬಂಧಿಸಿದ ಕನ್ನಡ ಪದಗಳನ್ನು ಪ್ರಾದೇಶಿಕ ಬಳಕೆಗಳೊಂದಿಗೆ ಸಂಗ್ರಹಿಸಿ, ದೇಹದ ಚಿತ್ರದ ಮೇಲೆ ಗುರುತಿಸಿ ಅರ್ಥನಿರ್ಣಯ ಮಾಡಬೇಕು. ಎರಡು, ಒಂದು ಚಿತ್ರಕ್ಕೆ ಒಬ್ಬರಿಗಿಂತ ಹೆಚ್ಚು ಜನರಿಂದ, ಅವರಲ್ಲಿ ಒಬ್ಬರಾದರೂ ಆ ಕಲೆಯನ್ನು ಬಲ್ಲವರಾಗಿರುವಂತೆ, ಗುರುತು ಹಾಕಿಸಿ ಅವರ ಭಿನ್ನಾಭಿಪ್ರಾಯವನ್ನೂ ದತ್ತದ ಭಾಗವಾಗಿ ಉಳಿಸಬೇಕು. ಮೂರು, ಮೂಲ ದೃಶ್ಯವನ್ನೂ ಕಲಾವಿದರ ಸ್ವಂತ ವಿವರಣೆಯನ್ನೂ ಬಿಂದುಗಳ ಜೊತೆಗೇ ಕಾಪಾಡಬೇಕು. ಇವುಗಳಲ್ಲಿ ಮೊದಲನೆಯ ಕೆಲಸಕ್ಕೆ ಯಂತ್ರದ ನೆರವು ಬೇಕಿಲ್ಲ. ನಿಘಂಟು ರಚನೆ, ಉಪಭಾಷೆಗಳ ಕ್ಷೇತ್ರಕಾರ್ಯ, ಜಾನಪದ ಅಧ್ಯಯನಗಳಲ್ಲಿ ಅನುಭವವುಳ್ಳ ಕನ್ನಡ ವಿಭಾಗಗಳು ಅದನ್ನು ಈಗಲೇ ಕೈಗೊಳ್ಳಬಹುದಾಗಿದೆ.